ಅತ್ತೆಯ ಹದಿನಾರರ ಗೆಳತಿ

ನನ್ನ ಸೋದರತ್ತೆಗೆ ಎಪ್ಪತ್ತು ಹತ್ತಿರ ಬಂದಮೇಲೆ ಹದಿನಾರು ವರ್ಷದ ಗೆಳತಿಯೊಬ್ಬಳು ಸಿಕ್ಕಿದಳು. ಹುಡುಗಿ ಜಾಣೆ, ಜಗಳಗಂಟಿ, ಯಾರಪ್ಪನ ಮಾತೂ ಕೇಳುವವಳಲ್ಲ. ಒಂದೇ ತೊಂದರೆ, ಆಕೆ ಹುಟ್ಟಿಯೇ ಇಲ್ಲ!

ನಾನು ಭಾಲ್ಕಿಯ ಶಾಲೆಯೊಂದರಲ್ಲಿ ಟೀಚರು. ಮಕ್ಕಳಿಗೆಂದು ತಂದ ಕಾದಂಬರಿಯನ್ನು ಬೀದರಿನ ಚಿದ್ರಿಯಲ್ಲಿರುವ ಅತ್ತೆಯ ಮನೆಯಲ್ಲಿ ಮರೆತುಬಂದೆ. ಮನೆ ಬಿಟ್ಟು ಓಡಿಹೋದ ಹುಡುಗಿಯೊಬ್ಬಳು ತನ್ನ ಕತೆ ತಾನೇ ಹೇಳಿಕೊಳ್ಳುವ ಪುಸ್ತಕ. ಅತ್ತೆಯೋ ನಿವೃತ್ತ ನರ್ಸು, ಮದುವೆಯಾಗದ ಒಂಟಿ ಜೀವ. ಬೈಬಲ್ಲು ಮತ್ತು ಔಷಧಿ ಚೀಟಿ ಬಿಟ್ಟು ಬೇರೇನಾದರೂ ಓದಿದ್ದನ್ನು ಕಂಡವರಿಲ್ಲ. ಓದಲಿಕ್ಕಿಲ್ಲ ಬಿಡು ಎಂದು ನಾನು ನಿಶ್ಚಿಂತಳಾಗಿದ್ದೆ.

ಮುಂದಿನ ಶನಿವಾರ ಹೋದರೆ ಬಾಗಿಲಲ್ಲೇ ಅತ್ತೆ ತುಟಿಗೆ ಬೆರಳಿಟ್ಟಳು.

"ಸಣ್ಣ ದನಿಲೆ ಮಾತಾಡು. ಆಕಿ ಸಿಟ್ಟಿನಾಗ ಅದಾಳ."

"ಯಾರತ್ತಿ?"

"ಮತ್ಯಾರು! ತಲಿಕೂದ್ಲ ತಾನೇ ಕತ್ತರಿಸ್ಕೊಂಡಾಳ. ಹಿಂದ ಸಮ ಆಗಿಲ್ಲ. ನನಗ ಹೇಳಿದ್ರ ನಾ ಮಾಡಿಕೊಡ್ತಿದ್ದಿಲ್ಲೇನು?"

ಒಳಗೆ ಇಣುಕಿದೆ. ಮಂಚದ ಮೇಲೆ ಪುಸ್ತಕ ಬೋರಲು ಮಲಗಿತ್ತು!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಮ್ಮ ಚರ್ಚಿನ ಸಭೆಯಲ್ಲಿ ರವಿವಾರದ ಆರಾಧನೆ ಮುಗಿಯುವ ಮುಂಚೆ, ಕಷ್ಟವಿದ್ದವರು ಎದ್ದು ನಿಂತು ಪ್ರಾರ್ಥನೆ ಕೇಳಿಕೊಳ್ಳುವ ಪದ್ಧತಿ. ತನಗಾಗಿ ಎಂದೂ ಎದ್ದು ನಿಲ್ಲದ ಅತ್ತೆ ಮರುದಿನ ಅಲ್ಲಿ ಎದ್ದಳು.

"ಒಂದು ಹುಡುಗಿ ಅದರಿ. ಮನಿ ಬಿಟ್ಟು ಹೋಗ್ಯಾಳ. ಆಕಿ ಸಲುವಾಗಿ ಪ್ರಾರ್ಥನಿ ಮಾಡ್ರಿ."

ಸಭೆಗೆ ಸಭೆಯೇ ಮೊಣಕಾಲೂರಿತು. ಪಾಸ್ಟರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ನಾನು ಬಾಯಿಗೆ ಕರವಸ್ತ್ರ ತುರುಕಿಕೊಂಡೆ. ಅಳು ತಡೆಯುತ್ತಿದ್ದೇನೆಂದು ಹಿಂದಿನವರು ಬೆನ್ನು ಸವರಿದರು!

ಹೊರಗೆ ಬಂದರೆ ಕಮಠಾಣದ ಹೆಂಗಸೊಬ್ಬಳು ಅತ್ತೆಯ ಕೈ ಹಿಡಿದಳು.

"ಹುಡುಗಿ ಸಿಕ್ಕಿದ್ರ ಹೇಳ್ರಿ ಸಿಸ್ಟರ್. ನಮ್ಮ ತಮ್ಮಗ ಕನ್ಯಾ ನೋಡ್ಲಿಕತ್ತೇವ. ಲಗ್ನ ಆದ್ರ ಎಲ್ಲಾ ಸರಿ ಆಗ್ತಾರರಿ!"

"ಹದಿನಾರು ವರ್ಷದ ಕೂಸಿಗಿ ಲಗ್ನಾ? ಪೊಲೀಸರಿಗಿ ಹೇಳ್ಲೇನು? ನಡೀ ಆಚಿಗಿ!" ಅತ್ತೆಯ ಕೂಗಿಗೆ ಗೇಟಿನ ಬಳಿ ಜನ ಸೇರಿತು.

"ತಪ್ಪು ತಿಳ್ಕೋಬ್ಯಾಡ್ರಿ, ಆ ಹುಡುಗಿ ಪುಸ್ತಕದಾಗ ಅದಾಳರಿ" ಎಂದು ನಾನು ಆ ಹೆಂಗಸಿಗೆ ಪಿಸುಗುಟ್ಟಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಮ್ಮ ಇಡೀ ಮನೆತನಕ್ಕೇ ಮರುಗುತ್ತ ಹೋದಳು.

ಮನೆಗೆ ಬಂದ ಅತ್ತೆ ಚಹಾ ಮುಟ್ಟಲಿಲ್ಲ. ತೊಡೆಯ ಮೇಲೆ ಪುಸ್ತಕ. ಕೊನೆಯ ಹಾಳೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದ್ದಳು.

"ಮುಗಿಸಿಲ್ಲೇನತ್ತಿ?"

"ಮುಗಿಸಂಗಿಲ್ಲ. ಆಕಿ ತಿರುಗಿ ಮನಿಗಿ ಹೊಂಟಾಳ. ನಾನೂ ಹಿಂಗೇ ಹೋಗಿದ್ದೆ."

ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡದಿದ್ದ ಸಂಗತಿಯನ್ನು ಅತ್ತೆ ಆಗ ಹೇಳಿದಳು. ಹದಿನಾರರಲ್ಲಿ, ಗಂಡಿನವರು ನೋಡಲು ಬರುವ ದಿನವೇ, ತಮ್ಮೂರು ಔರಾದಿನಲ್ಲಿ ಬಸ್ಸು ಹತ್ತಿ ಬೀದರಿಗೆ ಓಡಿಬಂದಿದ್ದಳಂತೆ. ಪರಿಚಯದ ನರ್ಸಮ್ಮನ ಮನೆಯಲ್ಲಿದ್ದು ನರ್ಸಿಂಗ್ ಕಲಿತಳು. ಬಿಳಿ ಸಮವಸ್ತ್ರ ಹಾಕಿಕೊಂಡು ಅಪ್ಪನಿಗೆ, ಅಂದರೆ ನನ್ನ ಅಜ್ಜನಿಗೆ, ತೋರಿಸಲು ಹೋದಳು.

"ಒಮ್ಮೆ ಬಾಗ್ಲ ಬಡದೆ. ಅಪ್ಪ ಒಳಗೇ ಇದ್ದ. ಕೆಮ್ಮಿದ್ದು ಕೇಳಿಸ್ತು. ಬಾಗ್ಲ ತೆಗೀಲಿಲ್ಲ. ಅವತ್ತಿಂದ ಒಬ್ಬಾಕಿನೇ ಇದ್ದೇನಿ. ನನ್ನಂಥ ಹುಚ್ಚಿ ಇನ್ನೊಬ್ಬಾಕಿ ಇರ್ತಾಳಂತ ಈ ಪುಸ್ತಕ ಓದೋತನಕ ನನಗ ಗೊತ್ತೇ ಇರಲಿಲ್ಲ ನೋಡು."

ನನ್ನ ನಗೆಯೆಲ್ಲ ಎಲ್ಲಿ ಹೋಯಿತೋ.

"ನೀ ಓದೀಯಲ್ಲ, ಹೇಳು. ಅವರಪ್ಪ ಬಾಗ್ಲ ತೆಗೀತಾನೇನು?"

ಓದಿದ್ದೆ. ಹುಡುಗಿ ಬಾಗಿಲು ಬಡಿಯುತ್ತಾಳೆ, ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಅಪ್ಪ ತೆಗೆದನೋ ಇಲ್ಲವೋ, ಬರೆದವರು ಹೇಳಿಲ್ಲ.

"ತೆಗೀತಾನತ್ತಿ" ಎಂದೆ.

"ತಾನೇ ಎದ್ದು ಬಂದು?"

"ತಾನೇ."

"ಏನಂತಾನ?"

ಅಷ್ಟು ಮುಂದಕ್ಕೆ ನಾನು ಯೋಚಿಸಿರಲಿಲ್ಲ.

"ಉಂಡಿಯೇನವ್ವಾ, ಅಂತಾನ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಸೆರಗು ಸರಿಸಿ, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

"ನಾ ಬಾಗ್ಲ ಇನ್ನೊಂದು ಸಲ ಬಡೀಬೇಕಿತ್ತೇನವ್ವ?"