ಫ್ಯಾಕ್ಸಿಗೊಂದು ಬೊಟ್ಟು

ಎಲ್ಲ ಶುರುವಾದದ್ದು ಒಂದು ಕುಂಕುಮದ ಬೊಟ್ಟಿನಿಂದ.

ಸೊರಬದ ಲೇತ್ ಅಂಗಡಿ ಜಟ್ಟಪ್ಪ ಎಂಟು ವರ್ಷದಿಂದ ಶಿವಮೊಗ್ಗದ ಪಂಪ್ ಕಂಪನಿಯೊಂದಕ್ಕೆ, ಪಂಪಿನ ದಂಡ ತಿರುಗುವ ಹಿತ್ತಾಳೆ ಬಳೆಯನ್ನು, ಅಂದರೆ ಬುಶ್ಶನ್ನು, ಮಾಡಿಕೊಡುತ್ತಿದ್ದ. ಕಂಪನಿಯ ಹನುಮಂತಪ್ಪ ಬಸ್ಸಿನಲ್ಲಿ ಬಂದು, ಪೇಪರಿನಲ್ಲಿ ಸುತ್ತಿದ ಮಾದರಿಯನ್ನು ಮೇಜಿನ ಮೇಲಿಟ್ಟು, ಚಹಾ ಕುಡಿದು, ಅರ್ಧ ತಾಸು ಸುಮ್ಮನೆ ಕೂತು ಹೋಗುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡಿದ್ದಿಲ್ಲ. ಆದರೂ ಒಂದು ಬುಶ್ಶೂ ಅಳತೆ ತಪ್ಪಿರಲಿಲ್ಲ. ಈ ವರ್ಷ ಕಂಪನಿ ಫ್ಯಾಕ್ಸ್ ಮಷಿನ್ ತಂದಿತು. ಹನುಮಂತಪ್ಪ ಬರುವುದು ನಿಂತಿತು.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರಿನ ನಿರ್ಮಲಮ್ಮನ ಎಸ್‌ಟಿಡಿ ಬೂತಿಗೆ ಬುಶ್ಶಿನ ನಕ್ಷೆ ಬಂತು. ಸಹಿ ಹಾಕಿ ವಾಪಸ್ ಫ್ಯಾಕ್ಸ್ ಮಾಡಿದರೆ ವರ್ಷದ ಆರ್ಡರ್ ಜಟ್ಟಪ್ಪನದು.

ಅದನ್ನು ಮನೆಗೆ ಒಯ್ದದ್ದೇ ತಪ್ಪಾಯಿತು. ಅವನು ಪೆನ್ನು ಹುಡುಕುವಷ್ಟರಲ್ಲಿ ಹೆಂಡತಿ ಗುಡ್ಡಮ್ಮ, "ಶುಭದ ಕಾಗ್ದಾನ ಬೋಳು ಹಣೇಲಿ ಕಳಿಸ್ತೀರೇನ್ರೀ?" ಎಂದು, ಕಾಗದದ ಮೂಲೆ ಬಿಟ್ಟು ನಕ್ಷೆಯ ಬುಶ್ಶಿನ ಹೊಟ್ಟೆಗೇ ಬೊಟ್ಟಿಟ್ಟಳು.

ಜಟ್ಟಪ್ಪ ಬೂತಿಗೆ ಮರಳಿ ಫ್ಯಾಕ್ಸ್ ಮಾಡಿಸಿದ ಹತ್ತು ನಿಮಿಷಕ್ಕೆ ಬೂತಿನ ಫೋನು ಬಡಿದುಕೊಂಡಿತು. ಕಂಪನಿಯ ಎಂಜಿನಿಯರು.

"ಜಟ್ಟಪ್ಪ, ನಕ್ಷೆ ಮೇಲೆ ಕಪ್ಪು ಚುಕ್ಕೆ ಹಾಕಿದೀರಲ್ಲ, ಏನದು?"

ಜಟ್ಟಪ್ಪ ರಿಸೀವರಿಗೆ ಅಂಗೈ ಅಡ್ಡ ಹಿಡಿದ. "ಬೊಟ್ಟು ಕೇಳ್ತಿದಾರೆ!"

ದಿನವಿಡೀ ಬೂತಿನಲ್ಲೇ ಕೂತು ಈವರೆಗೆ ಒಂದು ಫೋನೂ ಮಾಡದ ಗುತ್ಯಪ್ಪ ಪಕ್ಕದಿಂದ ಬಾಗಿದ. "ಕುಂಕುಮ ಅಂದ್ರೆ ನಗ್ತಾರೋ ಮಾರಾಯ. ಎಣ್ಣೆ ಬಿಡೋ ತೂತು ಅನ್ನು."

"ಅಳತೆ ಕೇಳಿದ್ರೆ?" ಎಂದಳು ನಿರ್ಮಲಮ್ಮ.

"ಕಾಲಿಂಚು ಅನ್ಲಿ. ಗುಡ್ಡಮ್ಮನ ಬೆರಳೇ ಅಷ್ಟಿರೋದು."

"ಎಣ್ಣೆ ತೂತು ಸಾರ್. ಕಾಲಿಂಚು," ಎಂದ ಜಟ್ಟಪ್ಪ.

ಆ ಕಡೆ ಮೌನ. ಹನುಮಂತಪ್ಪನ ಮೌನ ಅವನಿಗೆ ಅರ್ಥವಾಗುತ್ತಿತ್ತು. ಈ ಮೌನಕ್ಕೆ ಮುಖವೇ ಇರಲಿಲ್ಲ. ಎಂಟು ವರ್ಷದ ಆರ್ಡರು ಲೇತಿನ ಹಿತ್ತಾಳೆ ಸಿಪ್ಪೆಯ ಹಾಗೆ ಸುರುಳಿ ಸುತ್ತಿ ಕೆಳಗೆ ಬೀಳುವುದು ಕಾಣಿಸಿತು.

"ಭೇಷ್ ಕಣ್ರೀ! ಬುಶ್ ಯಾಕೆ ಬೇಗ ಸವೀತದೆ ಅಂತ ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ವಿ. ಹೊಸ ನಕ್ಷೆ ಈಗ್ಲೇ ಎಲ್ಲಾ ಕಡೆ ಫ್ಯಾಕ್ಸ್ ಮಾಡ್ತೀವಿ."

'ಎಲ್ಲಾ ಕಡೆ' ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ಗುತ್ಯಪ್ಪ ತೂತನ್ನು ತಾನೇ ಕೊರೆದವನಂತೆ ಮಿರ್ಚಿ ಬಜ್ಜಿ ತರಿಸಿ ತಿನ್ನತೊಡಗಿದ್ದ.

ನಾಲ್ಕು ಗಂಟೆಗೆ, ಬಿಸಿಲಿಗೆ ನಾಯಿ ನಾಲಿಗೆ ಚಾಚಿದಂತೆ, ಮಷಿನ್ ಇನ್ನೊಂದು ಕಾಗದ ಚಾಚಿತು. ನಿರ್ಮಲಮ್ಮ ಓದಿದಳು:

"ಶ್ರೀ ಜಟ್ಟಪ್ಪನವರ ಸಲಹೆಯನ್ನು ಒಪ್ಪಲಾಗಿದೆ. ಸಾವಿರಾರು ಬುಶ್ಶುಗಳಿಗೆ ಒಂದೇ ಅಳತೆಯಲ್ಲಿ ಅಂಥ ತೂತು ಕೊರೆಯುವ ಮಷಿನ್ ಶಿಕಾರಿಪುರದ ಕೊಟ್ರೇಶ್ ಅವರಲ್ಲಿ ಮಾತ್ರ ಇರುವುದರಿಂದ ಈ ವರ್ಷದ ಆರ್ಡರನ್ನು ಅವರಿಗೆ ನೀಡಲಾಗಿದೆ. ಜಟ್ಟಪ್ಪನವರು ಇಂಥ ಸಲಹೆಗಳನ್ನು ಮುಂದೆಯೂ ಕಳಿಸುತ್ತಿರಬೇಕಾಗಿ ವಿನಂತಿ."

ಗುತ್ಯಪ್ಪ ಅರ್ಧ ಬಜ್ಜಿ ಕೈಯಲ್ಲಿ ಹಿಡಿದೇ, ಬಸ್ ತಪ್ಪಿಹೋಗುತ್ತಿರುವವನಂತೆ ಎದ್ದು ನಡೆದ.

ಜಟ್ಟಪ್ಪ ಮನೆ ಸೇರಿದಾಗ ಗುಡ್ಡಮ್ಮ ಬಾಗಿಲಲ್ಲೇ ಇದ್ದಳು. ಅವನ ಕೈಯ ಕಾಗದ ಕಂಡದ್ದೇ ಮುಖವರಳಿತು.

"ಆರ್ಡರ್ ಬಂತಾ? ತಡೀರಿ, ಕುಂಕುಮ ತರ್ತೀನಿ!"

ಜಟ್ಟಪ್ಪ ಕಾಗದವನ್ನು ಬೆನ್ನ ಹಿಂದೆ ಅಡಗಿಸಿ, ತನ್ನ ಹಣೆಯನ್ನೇ ಮುಂದೆ ಚಾಚಿದ.