ಆದಿಸಾಗರದ ಮೀನೂ ಸವಣೂರಿನ ಸಂತೆಯೂ

ಮೀನು ಕಲ್ಲಾಗುತ್ತದೆ ಎಂದರೆ ನಂಬದ ಮಕ್ಕಳಿಗೆ ವಿಜ್ಞಾನ ಕಲಿಸುವುದಾದರೂ ಹೇಗೆ? ಶಿಗ್ಗಾವಿಯ ನಮ್ಮ ಶಾಲೆಯ ಒಂಬತ್ತನೆಯ ತರಗತಿಯವರು ನನ್ನ ಪಾಠ ಕೇಳಿ ಮುಸಿಮುಸಿ ನಕ್ಕರು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಕೆಸರಿನಲ್ಲಿ ಹೂತ ಮೀನು ಇಂದಿಗೂ ಕಲ್ಲಿನಲ್ಲಿ ಉಳಿದಿದೆ ಎಂದೆ.

"ನೀವು ನೋಡೀರೇನ್ರಿ ಟೀಚರ್?"

ನೋಡಿರಲಿಲ್ಲ! ಸಿಟ್ಟು ಬಂತು. ವಿಜ್ಞಾನ ಪ್ರದರ್ಶನದ ದಿನ ನಿಮ್ಮನ್ನು ನಂಬಿಸದಿದ್ದರೆ ನಾನು ಟೀಚರೇ ಅಲ್ಲ ಎಂದು ಸಾರಿಬಿಟ್ಟೆ.

ಉಪಾಯ ಸರಳವಾಗಿತ್ತು. ನಿಜವಾದ ಮೀನನ್ನು ಹಸಿ ಜೇಡಿಮಣ್ಣಿಗೆ ಒತ್ತಿ, ಆ ಅಚ್ಚಿಗೆ ಪ್ಲಾಸ್ಟರ್ ಸುರಿದರೆ ಪಳೆಯುಳಿಕೆಯ ಮಾದರಿ ಸಿದ್ಧ. ತೊಡಕು ಒಂದೇ. ನಾವು ವೈಷ್ಣವರು. ಪಟದಲ್ಲಿರುವ ಮತ್ಸ್ಯಾವತಾರ ಬಿಟ್ಟರೆ ಬೇರೆ ಮೀನಿನ ಪರಿಚಯ ನನಗಿಲ್ಲ.

ಶಿಗ್ಗಾವಿಯಲ್ಲಿ ಕೊಂಡರೆ ಸುದ್ದಿ ನನಗಿಂತ ಮೊದಲೇ ಮನೆ ಸೇರುತ್ತದೆ. ಹಾಗಾಗಿ ಬಸ್ಸು ಹತ್ತಿ ಸವಣೂರಿನ ಸಂತೆಗೆ ಹೋದೆ. ಮೂಗಿಗೆ ಸೆರಗು ಹಿಡಿದು ದೊಡ್ಡ ಮೀನೊಂದನ್ನು ತೋರಿಸಿದೆ.

"ಮನಿಗೇನ್ರಿ ಅಕ್ಕಾರ?" ಎಂದಳು ಮಾರುವವಳು.

"ಮನಿಗಲ್ರಿ, ಸಾಲಿ ಮಕ್ಕಳ ಸಲುವಾಗಿ."

"ಮಕ್ಕಳಿಗೇನ್ರಿ? ಹಂಗಾರ ಚಂದಂಗ ಮಾಡಿ ಕೊಡ್ತೇನಿ, ತಡೀರಿ!"

ಎಂಥ ಒಳ್ಳೆಯ ಹೆಂಗಸು ಎಂದುಕೊಂಡು ಆ ಕಡೆ ಮುಖ ತಿರುಗಿಸಿದೆ. ಹಿಂದಿನಿಂದ ಕತ್ತಿಯ ಸದ್ದು ಕೇಳಿತು. ನೋಡುವ ಧೈರ್ಯ ಯಾರಿಗಿದೆ!

ಮನೆ ಬಾಗಿಲಲ್ಲೇ ಪತಿದೇವರು ಹೌಹಾರಿದರು. "ಏನಿದು ಚೀಲದಾಗ?"

"ವಿಜ್ಞಾನರಿ."

"ವಿಜ್ಞಾನ ಹಿಂಗ ನಾರ್ತದೇನು? ಒಳಗ ತರಬ್ಯಾಡ! ಮಾಳಗಿ ಮ್ಯಾಲ ಒಯ್ಯಿ!"

ಮಾಳಿಗೆಯ ಮೇಲೆ ಪೊಟ್ಟಣ ಬಿಚ್ಚಿದೆ. ಈಜುರೆಕ್ಕೆಗಳೇ ಇಲ್ಲ! ತಿರುಗಿಸಿ ಮತ್ತೊಮ್ಮೆ ನೋಡಿದೆ. ಆದರೆ ನಾನು ಓದಿದವಳಲ್ಲವೇ? ಆದಿಸಾಗರದ ಮೊದಮೊದಲ ಮೀನುಗಳಿಗೆ ಜೋಡಿ ಈಜುರೆಕ್ಕೆ ಇರಲಿಲ್ಲ, ದವಡೆಯೂ ಇರಲಿಲ್ಲ. ಕೆಲವಕ್ಕೆ ಕಿವಿರಿನ ರಂಧ್ರಗಳು ಪಕ್ಕದಲ್ಲಿ ಸಾಲಾಗಿ ಕಾಣುತ್ತಿದ್ದವು. ಈ ಮೀನಿನ ಪಕ್ಕದಲ್ಲೂ ಓರೆಯಾದ ಸಾಲು ಗೀರುಗಳು! ಅವು ಎಲ್ಲಿಂದ ಬಂದವೆಂದು ಕೇಳಿಕೊಳ್ಳಲೇ ಇಲ್ಲ. ಮೀನಿಗೆ ತಕ್ಕಂತೆ ಪಾಠ ತಿದ್ದಿಕೊಂಡೆ. ಮೀನನ್ನು ಜೇಡಿಮಣ್ಣಿಗೆ ಒತ್ತಿ, ಅಚ್ಚಿನಲ್ಲಿ ದವಡೆಯಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಅಳಿಸಿದೆ. ಯಾವ ಮೀನೂ ಇಷ್ಟು ಬೇಗ ವಿಕಾಸದಲ್ಲಿ ಹಿಂದಕ್ಕೆ ಹೋಗಿರಲಾರದು.

ಪ್ರದರ್ಶನದ ದಿನ ಮಕ್ಕಳು ಮೇಜಿನ ಸುತ್ತ ಉಸಿರು ಬಿಗಿಹಿಡಿದು ನಿಂತರು. "ಇಂಥ ದವಡೆಯಿಲ್ಲದ ಮೀನುಗಳ ಪೀಳಿಗೆಯಲ್ಲೇ ಮುಂದೆ ದವಡೆಯ ಮೀನು ಬಂದವು, ಆಮೇಲೆ ಕಾಲಿನ ಪ್ರಾಣಿಗಳು, ಕಡೆಗೆ ನಾವು" ಎಂದೆ. ಕೋಲಿನಿಂದ ಗೀರು ಮುಟ್ಟಿ, "ಇವೇ ಪ್ರಾಚೀನ ಕಿವಿರು" ಎಂದು ಘೋಷಿಸಿದೆ. ಒಬ್ಬರೂ ನಗಲಿಲ್ಲ. ನಂಬಿದರು!

ಆಗ ಹೆಡ್‌ಮಾಸ್ತರರು ಬಂದರು. ಹಾನಗಲ್ಲಿನವರು, ಕೆರೆಯ ಮೀನು ಉಂಡು ಬೆಳೆದವರು. ಕನ್ನಡಕ ಏರಿಸಿ ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಟೀಚರ್ರ, ಇವು ಕಿವಿರಲ್ರಿ" ಎಂದರು ಮೆಲ್ಲಗೆ. "ಹುರಿಯೋ ಮುಂದ ಮಸಾಲಿ ಒಳಗ ಇಳೀಲಿ ಅಂತ ಹಾಕೋ ಗೀರು."

ಮಕ್ಕಳ ನಗು ಬಂಕಾಪುರದ ತನಕ ಕೇಳಿರಬೇಕು.

ಮೊನ್ನೆಯ ಪರೀಕ್ಷೆಯಲ್ಲಿ, ಪಳೆಯುಳಿಕೆ ಹೇಗೆ ಉಂಟಾಗುತ್ತದೆ ಎಂದು ಕೇಳಿದ್ದೆ. ಒಬ್ಬಳು ಬರೆದಿದ್ದಾಳೆ: "ಮೊದಲು ಮೀನನ್ನು ತೊಳೆದು ಗೀರು ಹಾಕಿ ಮಸಾಲೆ ಹಚ್ಚಬೇಕು. ಆಮೇಲೆ ಅದು ಕಲ್ಲಾಗುತ್ತದೆ."

ಅಂತೂ ಕಲ್ಲಾಗುತ್ತದೆಂದು ನಂಬಿದಳಲ್ಲ! ಅರ್ಧ ಅಂಕ ಕೊಟ್ಟೆ. ಕಳೆದ ಅರ್ಧ ನನ್ನ ತಪ್ಪಿಗೆ.