ಹೆಲ್ಮೆಟ್ಟಿನಲ್ಲಿ ಕಟ್ಟಿದ ಗೂಡು

ಶಿಡ್ಲಘಟ್ಟದ ಸೈಕಲ್ ಸವಾರರ ತಲೆಗಳನ್ನೆಲ್ಲ ಕಾಪಾಡಿಯೇ ತೀರುತ್ತೇನೆ ಎಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ಹಲ್ಲುಜ್ಜುವಾಗ. ಬಾಯ್ತುಂಬ ನೊರೆ ಇದ್ದುದರಿಂದ ಅದು ಪ್ರತಿಜ್ಞೆ ಎಂದೇ ಗೊತ್ತಾಗಲಿಲ್ಲ, ಕೆಮ್ಮು ಅಂದುಕೊಂಡೆ ಎಂದು ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ಇಂದಿಗೂ ವಾದಿಸುತ್ತಾಳೆ.

ಸಕ್ಕರೆ ಏರಿದೆ, ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರು. ಸೈಕಲ್ ಕೊಂಡೆ. ಜೊತೆಗೊಂದು ಹೆಲ್ಮೆಟ್ಟನ್ನೂ ಕೊಂಡೆ. ಮೈಯೆಲ್ಲ ಗಾಳಿಕಿಂಡಿಗಳಿದ್ದ, ಅರಿಶಿನದ ಬಣ್ಣದ ಹೆಲ್ಮೆಟ್! ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತರೆ ಸಹಕಾರ ಸಂಘದ ಗುಮಾಸ್ತ ಮಾಯವಾಗಿ, ಯಾವುದೋ ಸಾಮ್ರಾಜ್ಯದ ಸೇನಾಪತಿ ಕಾಣಿಸುತ್ತಿದ್ದ. ಬೀದಿಗೆ ಇಳಿದರೆ ಮಾತ್ರ, "ಸಾರ್, ಕರೆಂಟ್ ಕಂಬ ಹತ್ತೋಕೆ ಬಂದ್ರಾ?" ಎಂದು ಜನ ಕೇಳುತ್ತಿದ್ದರು.

ತಪ್ಪು ಜನರದ್ದಲ್ಲ. ನಮ್ಮೂರಲ್ಲಿ ಮೋಟಾರ್ ಬೈಕಿನವರೇ ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿಗೆ ತೊಡಿಸಿ, ಪೊಲೀಸರು ಕಂಡಾಗ ಮಾತ್ರ ತಲೆಗೆ ವರ್ಗಾಯಿಸುತ್ತಾರೆ. ಸೈಕಲ್ಲಿಗೂ ಹೆಲ್ಮೆಟ್ ಎಂದರೆ ಎತ್ತಿನಗಾಡಿಗೆ ಸೀಟ್ ಬೆಲ್ಟ್ ಕಟ್ಟಿದಷ್ಟು ನಗು ಅವರಿಗೆ.

"ಹೆಲ್ಮೆಟ್ ಹಾಕ್ಕೊಂಡ್ರೆ ಲಾರಿ ಗುದ್ದಲ್ವಾ?" ಎಂದಳು ಜ್ಯೋತಿಲಕ್ಷ್ಮಿ.

"ಗುದ್ದಿದ್ರೂ ತಲೆ ಉಳಿಯುತ್ತೆ ಕಣೇ!"

"ಲಾರಿಯವನಿಗೆ ಹೇಳೋದು ಬಿಟ್ಟು ತಲೆಗೆ ಬುದ್ಧಿ ಹೇಳ್ತಾ ಇದೀರಲ್ಲ!"

ನನಗೆ ರೇಗಿತು. "ನೋಡ್ತಿರು! ಭಾನುವಾರ ಬಸ್ ಸ್ಟ್ಯಾಂಡ್ ಮುಂದೆ ಹೆಲ್ಮೆಟ್ ಜಾಥಾ. ಭಾಷಣ ನಂದೇ!"

"ಸರಿ. ನಿಮ್ಮ ಭಾಷಣ ಕೇಳಿ ಒಂದೇ ಒಂದು ತಲೆ ಹೆಲ್ಮೆಟ್ ಹಾಕ್ಕೊಂಡ್ರೂ, ರೇಷ್ಮೆಹುಳಕ್ಕೆ ಸೊಪ್ಪು ತರೋಕೆ ಹೋಗುವಾಗ ನಾನೂ ಹಾಕ್ಕೊಂತೀನಿ. ಇಲ್ದಿದ್ರೆ ಆ ಹೆಲ್ಮೆಟ್ ನಂದು."

"ನೀನೇನು ಮಾಡ್ತೀಯ ಅದನ್ನ?"

"ಪುದೀನ ಬೆಳೀತೀನಿ. ತೂತು ಇದಾವಲ್ಲ, ನೀರು ಚೆನ್ನಾಗಿ ಬಸಿಯುತ್ತೆ."

ನನ್ನ ಶಿರಸ್ತ್ರಾಣದಲ್ಲಿ ಪುದೀನ! ಇದು ಇನ್ನು ಬರೀ ರಸ್ತೆ ಸುರಕ್ಷತೆಯ ಮಾತಲ್ಲ, ಮಾನದ ಪ್ರಶ್ನೆ ಎಂದು ನಿರ್ಧರಿಸಿದೆ.

ಆದರೆ ಶನಿವಾರ ಸಂಜೆ, ಜ್ಯೋತಿಲಕ್ಷ್ಮಿ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳಗಳು ಒಟ್ಟಿಗೇ ಹಣ್ಣಾಗಿಬಿಟ್ಟವು. ಹಣ್ಣಾದ ಹುಳಕ್ಕೆ ತಾಳ್ಮೆ ಇಲ್ಲ. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಒಂದು ಮೂಲೆಗಾಗಿ ಹುಡುಕುತ್ತದೆ. ಸಿಕ್ಕಿದಲ್ಲೇ ಗೂಡು. ಬಾಡಿಗೆಗೆ ತಂದ ಚಂದ್ರಿಕೆಗಳು, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳು, ಈ ಸಲ ಸಾಲಲಿಲ್ಲ. ಅಭ್ಯಾಸದ ಸವಾರಿ ಮುಗಿಸಿ ಬಂದ ನನ್ನನ್ನು ಅವಳು ಬಾಗಿಲಲ್ಲೇ ಹಿಡಿದಳು.

"ಆ ಕಿರೀಟ ಇಳಿಸಿ ಹುಳ ಆರಿಸ್ರೀ!"

ಕಿರೀಟವನ್ನು ಹುಳದ ತಟ್ಟೆಯ ಅಂಚಿನಲ್ಲಿ ಇಳಿಸಿದೆ, ಹುಳ ಆರಿಸಿದೆ, ಸೊಂಟ ಹಿಡಿಯಿತೆಂದು ನರಳಿ ತಪ್ಪಿಸಿಕೊಂಡೆ. ಕಿರೀಟ ಅಲ್ಲೇ ಉಳಿಯಿತು.

ಬೆಳಗ್ಗೆ ಅವಳು ಪಕ್ಕದ ಬೀದಿಯ ಆವಲಪ್ಪನವರ ಮನೆಗೆ ಚಂದ್ರಿಕೆ ಕೇಳಲು ಹೋಗಿದ್ದಳು. ನನಗೆ ಹೊತ್ತಾಗಿತ್ತು. ಹುಳದ ಮನೆಗೆ ನುಗ್ಗಿ, ಹೆಲ್ಮೆಟ್ಟನ್ನು ನೋಡದೆ ತಲೆಗಿಟ್ಟು, ಪಟ್ಟಿ ಬಿಗಿದು ಪೆಡಲ್ ತುಳಿದೆ. ನೆತ್ತಿಯ ಮೇಲೆ ಏನೋ ತಂಪು. ಗಾಳಿಕಿಂಡಿಗಳ ಮಹಿಮೆ! ದುಡ್ಡು ಕೊಟ್ಟಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಜಾಥಾದ ಅಧ್ಯಕ್ಷ ಮುರಳಿಮೋಹನ್ ಚಿಂತಾಮಣಿಯಿಂದ ಕಾರಿನಲ್ಲಿ ಬಂದಿದ್ದರು. ಸೈಕಲ್ ಕಾರಿನ ಬೆನ್ನಿಗೆ ಕಟ್ಟಿಸಿಕೊಂಡು ಬಂದಿತ್ತು.

"ನಿಮ್ಮ ಹೆಲ್ಮೆಟ್ ಎಲ್ಲಿ ಸಾರ್?" ಎಂದೆ.

"ಫೋಟೋ ಟೈಮಲ್ಲಿ ಹಾಕ್ಕೋತೀನಿ. ಈಗ್ಲೇ ಹಾಕ್ಕೊಂಡ್ರೆ ಕ್ರಾಪು ಕೆಡುತ್ತೆ."

ಮೈಕ್ ಹಿಡಿದೆ. "ಬಂಧುಗಳೇ! ಕೈ ಮುರಿದರೆ ಕಟ್ಟಬಹುದು, ಕಾಲು ಮುರಿದರೆ ಜೋಡಿಸಬಹುದು, ತಲೆ..."

ಏನಾಶ್ಚರ್ಯ! ಜನ ನಿಂತರು. ಗೂಡಿನ ಮಾರುಕಟ್ಟೆಗೆ ಹೊರಟವರು ನಿಂತರು, ಬಸ್ಸಿಗೆ ಓಡುತ್ತಿದ್ದವರು ನಿಂತರು. ಎಲ್ಲರ ಕಣ್ಣೂ ನನ್ನ ಮೇಲೆ! ಗೂಡು ಕೊಂಡು ನೂಲು ತೆಗೆಯುವ ರೀಲರ್ ನಲ್ಲಪ್ಪನಂತೂ ಬಾಯಿ ತೆರೆದುಕೊಂಡು ಹತ್ತಿರ ಹತ್ತಿರ ಬಂದ. ನನ್ನ ಮಾತಿನ ಶಕ್ತಿಗೆ ನಾನೇ ಬೆರಗಾಗಿ, ಕೈ ಬೀಸಿ, ತಲೆ ಕೊಡವಿದೆ.

"ಅಲ್ಲಾಡಬೇಡಿ ಸಾರ್!" ನಲ್ಲಪ್ಪ ಕಿರುಚಿದ.

"ಯಾಕಪ್ಪಾ?"

"ನಿಮ್ಮ ತಲೆ ಮೇಲೆ ಹುಳ ಗೂಡು ಕಟ್ತಾ ಐತೆ!"

ಮುರಳಿಮೋಹನ್ ಫೋನಿನಲ್ಲಿ ನನ್ನದೇ ಫೋಟೋ ತೋರಿಸಿದರು. ಒಂದೊಂದು ಗಾಳಿಕಿಂಡಿಯಲ್ಲೂ ಒಂದೊಂದು ಹುಳ! ಬೆಳಗಿನ ಬಿಸಿಲಲ್ಲಿ ತೆಳುವಾದ ಹಳದಿ ಪರದೆಗಳ ಒಳಗೆ ಅವು ಹಗುರವಾಗಿ ತಲೆಯಾಡಿಸುತ್ತ, ಸುತ್ತುತ್ತ, ತಮ್ಮ ಪಾಡಿಗೆ ತಾವು ನೂಲು ಎಳೆಯುತ್ತಿದ್ದವು. ನೋಡಲು ಬಲು ಚೆಂದ. ಬೇರೆಯವರ ತಲೆಯ ಮೇಲಾಗಿದ್ದರೆ ಇನ್ನೂ ಚೆಂದ.

ತೆಗೆಯಲು ಕೈ ಎತ್ತಿದೆ. ನಾಲ್ಕಾರು ಕೈಗಳು ನನ್ನ ಕೈ ಹಿಡಿದವು.

"ಏಮಿ ಸಾರ್, ಬುದ್ಧಿ ಉಂದಾ? ಪಟ್ಟಿ ಎಳೆದ್ರೆ ಕುಲುಕಲ್ವಾ?" ಎಂದು ಗುಂಪಿನಲ್ಲೊಬ್ಬ, ಬುದ್ಧಿ ಇದೆಯಾ ಎಂಬುದನ್ನು ತೆಲುಗಿನಲ್ಲೇ ಕೇಳಿ ಗದರಿದ.

"ಇದು ನನ್ನ ತಲೆ ಕಣ್ರೀ!"

"ತಲೆ ನಿಮ್ಮದೇ ಸಾರ್, ಯಾರ್ ಇಲ್ಲ ಅಂದ್ರು? ಹುಳ ಜ್ಯೋತಕ್ಕಂದು!"

ನೂಲು ಹಾಕಿದ ಹುಳವನ್ನು ಕದಲಿಸಬಾರದು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಶಾಸನವಿಲ್ಲ. ಮೈಕ್ ಆರಿತು. ಬಿಸಿಲು ಬೀಳುತ್ತದೆಂದು ಯಾರೋ ಕೊಡೆ ಬಿಚ್ಚಿದರು. ಸೈಕಲ್ ಹತ್ತಿದರೆ ಗುಂಡಿಗಳಲ್ಲಿ ಕುಲುಕುತ್ತದೆಂದು ನನ್ನನ್ನು ನಡೆಸಿಕೊಂಡೇ ಮನೆ ಮುಟ್ಟಿಸಲು ತೀರ್ಮಾನವಾಯಿತು. ನನ್ನ ಸೈಕಲ್ಲನ್ನು ಅಧ್ಯಕ್ಷರೇ ತಳ್ಳಿದರು. ಹೆಲ್ಮೆಟ್ ಜಾಥಾ ಹೊರಟಿತು, ಕೊಡೆಯ ಕೆಳಗೆ, ಹೊಸ ಮದುಮಗನ ನಡಿಗೆಯಲ್ಲಿ!

ಸರ್ಕಲ್ಲಿನಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತ ನುಗ್ಗಿ ಬಂತು.

"ಹುಳ ಐತೆ ಕಣಣ್ಣೋ, ಗೂಡು ಕಟ್ತಾ ಐತೆ!" ಎಂದು ನಲ್ಲಪ್ಪ ಕೈ ಅಡ್ಡ ಹಿಡಿದ.

ಡ್ರೈವರ್ ಇಣುಕಿದ. ನನ್ನ ಮುಖ ನೋಡಲಿಲ್ಲ, ಹೆಲ್ಮೆಟ್ ನೋಡಿದ. ಲಾರಿ ನಿಲ್ಲಿಸಿ ಎಂಜಿನ್ನನ್ನೇ ಆರಿಸಿದ. ಹಿಂದಿದ್ದ ಆಟೋಗಳೂ ಸುಮ್ಮನಾದವು. ಆ ಸರ್ಕಲ್ಲಿನಲ್ಲಿ ಎಷ್ಟು ತಲೆಗಳು ಜೀವ ಕೈಯಲ್ಲಿ ಹಿಡಿದು ದಾಟಿವೆ! ಒಂದಕ್ಕೂ ಸಿಗದ ದಾರಿ ನನಗೆ ಸಿಕ್ಕಿತು. ಆ ನಿಶ್ಶಬ್ದದಲ್ಲಿ ನನ್ನ ಕಿವಿಯ ಮೇಲೆ, ದೂರದಲ್ಲೆಲ್ಲೋ ತುಂತುರು ಬಿದ್ದಂತೆ, ನೂಲಿನ ಸದ್ದು ಕೇಳಿಸಿದ ಹಾಗಾಯಿತು.

ಗೇಟಿನಲ್ಲಿ ಜ್ಯೋತಿಲಕ್ಷ್ಮಿ ಕಾಯುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಕತ್ತರಿಯಿಂದ ಪಟ್ಟಿ ಕತ್ತರಿಸಿ, ಎರಡೂ ಕೈಯಲ್ಲಿ ಹೆಲ್ಮೆಟ್ ಎತ್ತಿ, ಒಂದೊಂದೇ ಕಿಂಡಿ ನೋಡಿದಳು.

"ಸದ್ಯ, ಯಾವುದಕ್ಕೂ ಏನೂ ಆಗಿಲ್ಲ."

"ನನಗೆ?"

"ನೀವು ಬೆಳಗ್ಗೆ ಹೆಂಗ್ ಹೋಗಿದ್ರೋ ಹಂಗೇ ಇದೀರ."

ಸಂಜೆ ಗೇಟಿನ ಸದ್ದಾಯಿತು. ನಲ್ಲಪ್ಪ! ಸೈಕಲ್ ಮೇಲೆ! ತಲೆಯ ಮೇಲೆ ಹೊಚ್ಚಹೊಸ ಹೆಲ್ಮೆಟ್!

ನಾನು ಕುಣಿದಾಡಿಬಿಟ್ಟೆ. "ನೋಡಿದೆಯೇನೇ! ಒಂದು ತಲೆ! ಗೆದ್ದೆ! ನಾಳೆಯಿಂದ ನೀನೂ ಹಾಕ್ಕೋ!"

ನಲ್ಲಪ್ಪ ಹೆಲ್ಮೆಟ್ ಬಿಚ್ಚಿ, ಭಿಕ್ಷಾಪಾತ್ರೆಯಂತೆ ಅವಳ ಮುಂದೆ ಹಿಡಿದ.

"ಜ್ಯೋತಕ್ಕಾ, ಹಣ್ಣು ಹುಳ ಒಂದೆರಡು ಉಳಿದಿದ್ರೆ ಇದ್ರೊಳಕ್ಕೆ ಬಿಡ್ರಕ್ಕ. ಲಾರಿಯವ್ರು ದಾರಿ ಬಿಡ್ತಾರೆ."

"ಭಾಷಣ ಕೇಳಿ ತಗೊಂಡಿದ್ದಲ್ವಾ ನಲ್ಲಪ್ಪಾ?" ಎಂದಳು ಅವಳು, ನನ್ನ ಕಡೆ ನೋಡುತ್ತ.

"ಯಾವ ಭಾಷಣ ಅಕ್ಕಾ? ನಾವು ಹುಳ ನೋಡ್ತಾ ಇದ್ವಿ."

ನಾನು ಮೆಟ್ಟಿಲ ಮೇಲೆ ಕುಸಿದೆ. ಅವಳು ಪಕ್ಕದಲ್ಲಿ ಬಂದು ಕೂತು, ನನ್ನ ಕೂದಲಿಗೆ ಅಂಟಿದ್ದ ರೇಷ್ಮೆ ಎಳೆಯೊಂದನ್ನು ಮೆಲ್ಲಗೆ ಬಿಡಿಸಿದಳು.

"ಬೇಜಾರು ಮಾಡ್ಕೋಬೇಡ್ರೀ. ಗೂಡು ಬಿಡಿಸಿದ ಮೇಲೇನೇ ಪುದೀನ ಹಾಕೋದು. ಹುಳಾನೂ ಬಾಯಿಂದಾನೇ ಕೆಲಸ ಮಾಡುತ್ತೆ, ನೀವೂ ಬಾಯಿಂದಾನೇ ಮಾಡ್ತೀರ. ಅದರ ಬಾಯಿಂದ ಬಂದಿದ್ದಕ್ಕೆ ಮಾರ್ಕೆಟ್ಟಲ್ಲಿ ರೇಟ್ ಇದೆ, ಅಷ್ಟೇ!"